ಹನ್ನೊಂದು ಗಂಟೆಯ ಸಮುದ್ರ

ಸಮುದ್ರಕ್ಕೂ ಒಂದು ಟೈಮ್ ಟೇಬಲ್ ಇದೆ, ಅದು ನನ್ನ ಫೋನಿನೊಳಗೇ ಇದೆ ಎಂದು ಗೊತ್ತಾದ ದಿನ ನಾನು ರವೀಂದ್ರನಗರದ ನಮ್ಮ ಮನೆಯಲ್ಲಿ ಬಿಡಿಸುತ್ತಿದ್ದ ಅವರೆಕಾಯಿಯನ್ನು ಹಾಗೇ ಕೈಯಲ್ಲಿ ಹಿಡಿದು ಬಾಯಿ ತೆರೆದುಕೊಂಡು ಕೂತುಬಿಟ್ಟೆ. ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಕಲಿತು ನನಗೆ ಮೂರು ತಿಂಗಳೂ ಆಗಿರಲಿಲ್ಲ. ಕಲಿಸಿದವಳು ಏಳನೇ ಕ್ಲಾಸಿನ ಮೊಮ್ಮಗಳು ಸಿಂಚನಾ. ಫೀಸು, ದಿನಕ್ಕೊಂದು ಕೊಬ್ಬರಿ ಮಿಠಾಯಿ. ಕಲಿತ ಮೇಲೆ ನಾನೂ ಸುಮ್ಮನಿರಲಿಲ್ಲ. ಬೀದಿಯ ಗ್ರೂಪಿನಲ್ಲಿ ಎದುರುಮನೆಯವರ ನಾಯಿಗೆ ಹುಟ್ಟುಹಬ್ಬದ ಶುಭಾಶಯ ಹಾಕಿ, ಅದಕ್ಕೆ ಹನ್ನೆರಡು ಜನ ಹೂಗುಚ್ಛ ಕಳಿಸುವಂತೆ ಮಾಡಿದ್ದೆ. ಈ ತುಂಟತನ ತಡೆಯಲಾರದೆ ಮಗ ಮಹೇಶ ನನಗೊಂದು ಕೆಲಸ ಹಚ್ಚಿದ. ಶನಿವಾರ ಎಲ್ಲರೂ ಹೊನ್ನಾವರದ ಕಡೆಯ ಒಂದು ಬೀಚಿಗೆ ಹೋಗುವುದು. ಅಲ್ಲಿ ನೀರು ಇಳಿದಾಗ ಮರಳಿನ ಮೇಲೆ ನಡೆದುಕೊಂಡೇ ಸಮುದ್ರದೊಳಗಿನ ಬಂಡೆಗೆ ಹೋಗಬಹುದಂತೆ, ಸಿಂಚನಾ ಫೋನಿನಲ್ಲಿ ನೋಡಿದ್ದಾಳೆ. ನೀರು ಇಳಿಯುವುದು ಎಷ್ಟು ಗಂಟೆಗೆ ಎಂದು ನಾನು ಹುಡುಕಿ ಹೇಳಬೇಕು.

ಹುಡುಕಿದೆ. ಒಂದು ಕಡೆ ಹತ್ತು ನಲವತ್ತು ಎಂದಿತ್ತು. ಇನ್ನೊಂದು ಕಡೆ ಐದು ಹತ್ತು. ಮೂರನೆಯ ಕಡೆ ಎರಡೂ ಅಲ್ಲದ ಇನ್ನೊಂದು. ಒಂದೇ ಸಮುದ್ರ, ಒಂದೇ ಶನಿವಾರ, ಮೂರು ಟೈಮು! ನನಗೆ ಬೆವರೇ ಬಂತು. ಸಿಂಚನಾ ಫೋನನ್ನು ಕಸಿದುಕೊಂಡು ಅಲ್ಲಿ ಇಲ್ಲಿ ಒತ್ತಿ ನೋಡಿ, ಮೂರನೆಯದು ಗುಜರಾತಿನ ಯಾವುದೋ ಬಂದರಿನದು ಎಂದಳು. ಎರಡನೆಯದು ನಮ್ಮ ಬೀಚಿನದೇ, ಆದರೆ ಲಂಡನ್ ಗಡಿಯಾರದಲ್ಲಿ ಹೇಳಿದ್ದಾರೆ, ಐದೂವರೆ ಗಂಟೆ ಕೂಡಿಸಬೇಕು ಎಂದಳು.

"ಅಯ್ಯೋ ಶಿವನೇ! ಹೊನ್ನಾವರದ ನೀರಿಗೆ ಲಂಡನ್ ಗಡಿಯಾರ ಯಾಕೆ ಕಟ್ಟಿದಾರೆ? ಕೂಡಿಸೋಕೆ ಗೊತ್ತಿಲ್ದೋರು ಹೋಗಿ ಮುಳುಗ್ಲಿ ಅಂತಾನಾ?"

ಸೋಫಾದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ಮಹೇಶ ತಲೆ ಎತ್ತದೆ ಹೇಳಿದ:

"ಅಮ್ಮಾ, ಕಥೆ ಬೇಡ. ಒಂದೇ ಟೈಮ್ ಹೇಳು. ಮನೆ ಗ್ರೂಪಿಗೆ ಹಾಕ್ತೀನಿ."

ಅವರೆಕಾಯಿ ಕೈಯಿಂದ ಜಾರಿತು. ಅರವತ್ತು ವರ್ಷದ ಹಿಂದೆ ಇದೇ ಮಾತನ್ನು, ಇದೇ ರಾಗದಲ್ಲಿ, ತಲೆ ಎತ್ತದೆ ಹೇಳುತ್ತಿದ್ದವರು ಒಬ್ಬರಿದ್ದರು. ನಮ್ಮಪ್ಪ.

ಅಪ್ಪ ಭದ್ರಾವತಿಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತರು. ಕಾರ್ಖಾನೆಗೆ ಬರುವ ಪ್ರತಿಯೊಬ್ಬನಿಗೂ ನಂಬರು ಕೊರೆದ ಒಂದು ಹಿತ್ತಾಳೆ ಬಿಲ್ಲೆ ಇರುತ್ತಿತ್ತು. ಬಂದವನು ಬಿಲ್ಲೆಯನ್ನು ಹಲಗೆಯ ಮೇಲಿನ ತನ್ನ ಮೊಳೆಗೆ ಹಾಕಬೇಕು. ಸೈರನ್ ನಿಂತ ಮೇಲೆ ಬಂದವನ ಬಿಲ್ಲೆಯನ್ನು ಅಪ್ಪ ಮಗುಚಿ, ನಂಬರು ಗೋಡೆಯ ಕಡೆಗೆ ಬರುವಂತೆ ಹಾಕುತ್ತಿದ್ದರು. ಮಗುಚಿದರೆ ಮುಗಿಯಿತು, ಅವನು ತಡವಾಗಿ ಬಂದವನು. ಸೈಕಲ್ ಪಂಕ್ಚರ್ ಆಯಿತು, ಹೆಂಡತಿಗೆ ಹೆರಿಗೆ, ಯಾವುದೂ ನಡೆಯದು. 'ರಿಜಿಸ್ಟರಲ್ಲಿ ಟೈಮಿಗೆ ಕಾಲಂ ಇದೆ, ಕಾರಣಕ್ಕೆ ಕಾಲಂ ಇಲ್ಲ' ಎನ್ನುವುದು ಅವರ ಮಂತ್ರ. ಇಷ್ಟು ಕಾರ್ಖಾನೆಯಲ್ಲೇ ಉಳಿದಿದ್ದರೆ ಚಿಂತೆಯಿರಲಿಲ್ಲ. ನಮ್ಮ ಕ್ವಾರ್ಟರ್ಸಿನ ಅಡುಗೆಮನೆಯ ಗೋಡೆಗೂ ನಾಲ್ಕು ಮೊಳೆ ಹೊಡೆದಿದ್ದರು. ಒಂದನೇ ನಂಬರು ಅವರು, ಎರಡು ಅವರ ತಾಯಿ ಅಂದರೆ ನನ್ನ ಅಜ್ಜಿ, ಮೂರು ಅಮ್ಮ, ನಾಲ್ಕು ನಾನು. ರಾತ್ರಿ ಊಟ ಏಳೂವರೆಗೆ. ಏಳೂವರೆಗೆ ಬಿಲ್ಲೆ ಮೊಳೆಯಲ್ಲಿರದಿದ್ದರೆ ಅದು ಮಗುಚಿಕೊಳ್ಳುತ್ತಿತ್ತು, ಮಗುಚಿದವರಿಗೆ ಅವತ್ತು ತುಪ್ಪವಿಲ್ಲ. ಬೇರೆ ಮನೆಗಳಲ್ಲೂ ಹೀಗೇ ಇರುತ್ತದೆಂದು ನಾನು ನಂಬಿದ್ದೆ. ಗೆಳತಿಯೊಬ್ಬಳ ಮನೆಗೆ ಹೋದಾಗ ಗೋಡೆಯಲ್ಲಿ ಬರೀ ಜರಡಿ ನೇತಾಡುವುದನ್ನು ಕಂಡು, ಇವರಿಗೆ ಊಟ ಹೇಗೆ ಗೊತ್ತಾಗುತ್ತದೆ ಎಂದು ಗಾಬರಿಯಾಗಿದ್ದೆ.

ಈ ರಾಜ್ಯದಲ್ಲಿ ಬಂಡಾಯ ಎದ್ದದ್ದು ಅಜ್ಜಿಯೊಬ್ಬಳೇ. ಎರಡನೇ ನಂಬರಿನ ಬಿಲ್ಲೆಯನ್ನು ಅವಳು ಅಲುಗಾಡುವ ಉಪ್ಪಿನಕಾಯಿ ಜಾಡಿಯ ಅಡಿಗೆ ಆನಿಕೆ ಕೊಟ್ಟಿದ್ದಳು. ದೇವರ ಗೂಡಿನ ಪಕ್ಕ ಅವಳದೊಂದು ಬೇರೆಯೇ ಮೊಳೆ, ಅದರಲ್ಲಿ ಪಂಚಾಂಗ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಅದನ್ನು ತೆಗೆದು, ಕನ್ನಡಕದ ಒಂದೇ ಗಾಜಿನಲ್ಲಿ ಇವತ್ತು ಯಾವ ತಿಥಿ ಎಂದು ಜೋರಾಗಿ ಓದುತ್ತಿದ್ದಳು, ಅಪ್ಪನಿಗೆ ಕೇಳಿಸಲಿ ಎಂದೇ.

"ಅವ್ವಾ, ಆ ಪುಸ್ತಕದಲ್ಲಿ ಒಂದು ದಿನ ಇದ್ದಂಗೆ ಇನ್ನೊಂದು ದಿನ ಇರಲ್ಲ. ಅದೂ ಒಂದು ಲೆಕ್ಕವಾ?"

"ಚಂದ್ರ ನಿನ್ನ ಆಫೀಸಿನ ಆಳಾ ಏನೋ? ದಿನಾ ಆರಕ್ಕೆ ಬಂದು ಬಿಲ್ಲೆ ಹಾಕೋಕೆ?"

"ಬಂದಿದ್ರೆ ಚೆನ್ನಾಗಿತ್ತು."

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ರೊಟ್ಟಿ ತಟ್ಟುತ್ತಿದ್ದಳು. ಅವಳು ನಗುವುದಕ್ಕೂ ಕಾಲಂ ಇರಲಿಲ್ಲವಲ್ಲ!

ನನಗೆ ಒಂಬತ್ತು ವರ್ಷವಾದಾಗ ಜ್ವರ ಬಂದು ಇಪ್ಪತ್ತು ದಿನ ಮಲಗಿದೆ. ನಾನು ಉಳಿದರೆ ಸಮುದ್ರದ ಬಂಡೆಯ ಮೇಲಿರುವ ಲಿಂಗಕ್ಕೆ ಅಮಾವಾಸ್ಯೆಯ ದಿನ ನನ್ನ ಕೈಯಿಂದಲೇ ನೀರೆರೆಸುತ್ತೇನೆ ಎಂದು ಅಜ್ಜಿ ಹರಕೆ ಹೊತ್ತಳು. ಅವಳ ತವರಿನ ಕಡೆಯವರು ಯಾರೋ ಹೋಗಿಬಂದ ಜಾಗ. ದಡದಿಂದ ಬಂಡೆಗೆ ದೋಣಿ ಬೇಡ, ನೀರು ಇಳಿದಾಗ ನಡೆದೇ ಹೋಗಬಹುದು. ನಾನು ಉಳಿದೆ. ಅಪ್ಪ ರಜೆ ಹಾಕಿದರು. ಸಮುದ್ರ ಇಳಿಯುವ ಟೈಮೊಂದು ಗೊತ್ತಾಗಬೇಕಿತ್ತು, ಅಷ್ಟೆ. ಭದ್ರಾವತಿಯಲ್ಲಿ ಯಾರನ್ನು ಕೇಳುವುದು? ಓಲ್ಡ್ ಟೌನಿನ ಸಂತೆಯಲ್ಲಿ ಒಣಮೀನು ಮಾರುವ ಮಾದೇವಿ ಆ ದಡದವಳೇ ಎಂದು ಆಫೀಸಿನಲ್ಲಿ ಯಾರೋ ಹೇಳಿದರಂತೆ. ಆದರೆ ದಿನಾ ಲಿಂಗಪೂಜೆ ಮಾಡುವ ಅಪ್ಪ ಒಣಮೀನಿನ ಬುಟ್ಟಿಯ ಮುಂದೆ ನಿಲ್ಲುವುದೆಂದರೇನು! 'ಸಣ್ಣ ಹುಡುಗಿ ನಿಂತ್ರೆ ಯಾರೂ ಏನೂ ಅನ್ಕೊಳಲ್ಲ' ಎಂದು ನನ್ನನ್ನು ಕಳಿಸಿದರು. ತಾವು ಸೈಕಲ್ ಹಿಡಿದುಕೊಂಡು ಬೆಲ್ಲದ ಅಂಗಡಿಯ ಮುಂದೆ, ಬೆಲ್ಲ ನೋಡುವವರಂತೆ ನಿಂತರು.

ನಾನು ಮೂಗು ಮುಚ್ಚಿಕೊಂಡು ಹೋದೆ. ಮಾದೇವಿ ದಪ್ಪ ಮೂಗುತಿಯ ಹೆಂಗಸು. ನನ್ನ ಮೂಗಿನ ಮೇಲಿನ ಕೈ ನೋಡಿ ನಕ್ಕಳು.

"ಕೈ ತೆಗಿ ಹೆಣ್ಣೇ, ಮೀನು ಸತ್ತದೆ, ಕಚ್ಚೂದಿಲ್ಲ. ಎಂತ ಬೇಕು?"

"ಸಮುದ್ರ ಎಷ್ಟು ಗಂಟೆಗೆ ಇಳಿಯುತ್ತೆ?"

"ಹಂ! ಇವತ್ತಾದರೆ ಹನ್ನೊಂದಕ್ಕೆ ಪೂರಾ ಹಿಂದೆ ಹೋಗಿರ್ತದೆ. ನೀವು ಯಾವತ್ತು ಹೋಗೂದು?"

"ಅಮಾಸೆಗೆ."

"ಹಾಗಾದರೆ ಇವತ್ತಿನ ಟೈಮು ಅವತ್ತಿಗೆ ಬರೂದಿಲ್ಲ. ಹೋದ ದಿನ ದಡದಲ್ಲೇ ಮತ್ತೊಂದು ಸಲ ಕೇಳಿ ಅಂತ ನಿನ್ನ ಅಪ್ಪಂಗೆ ಹೇಳು. ಮರೀಬೇಡ."

ನಾನು ಮರೆಯಲಿಲ್ಲ. ಇದನ್ನು ಇಲ್ಲಿ ನೆಟ್ಟಗೆ ಬರೆದುಬಿಡುತ್ತೇನೆ, ಮರೆಯಲೇ ಇಲ್ಲ. ಬೆಲ್ಲದ ಅಂಗಡಿ ಮುಟ್ಟುವವರೆಗೂ ಎರಡು ಮಾತನ್ನೂ ಬಾಯಿಪಾಠ ಮಾಡುತ್ತ ಬಂದೆ. ಅಪ್ಪ ಜೇಬಿನಿಂದ ಚೀಟಿ, ಪೆನ್ಸಿಲ್ ತೆಗೆದು ಸಿದ್ಧವಾಗಿದ್ದರು.

"ಏನಂದ್ಲು?"

"ಅಪ್ಪಾ, ಅವಳು ಏನಂದ್ಲು ಅಂದ್ರೆ, ಇವತ್ತಾದ್ರೆ..."

"ಕಥೆ ಬೇಡ ನಾಲ್ಕನೇ ನಂಬರ್. ಒಂದೇ ಟೈಮ್ ಹೇಳು."

"ಹನ್ನೊಂದು."

ಅಪ್ಪ ಚೀಟಿಯಲ್ಲಿ ಹನ್ನೊಂದು ಎಂದು ಬರೆದು, ಕೆಳಗೆ ಗೆರೆ ಎಳೆದು, ಮಡಿಸಿ ಜೇಬಿಗೆ ಹಾಕಿದರು. ನನ್ನ ಬಾಯಲ್ಲಿದ್ದ ಇನ್ನೊಂದು ಮಾತಿಗೆ ಆ ಚೀಟಿಯಲ್ಲಿ ಜಾಗವೇ ಇರಲಿಲ್ಲ. ಅದೂ ಅಲ್ಲದೆ, ದಿನಕ್ಕೊಂದು ಟೈಮಿನಲ್ಲಿ ಇಳಿಯುವ ಸಮುದ್ರವನ್ನು ಅಪ್ಪ ನಂಬುತ್ತಲೂ ಇರಲಿಲ್ಲ. ನಮ್ಮೂರಿನಲ್ಲಿ ಆರರ ಪಾಳಿ ದಿನಾ ಆರಕ್ಕೆ, ಎರಡರ ಪಾಳಿ ದಿನಾ ಎರಡಕ್ಕೆ. ಅಷ್ಟು ದೊಡ್ಡ ಸಮುದ್ರ ಅಷ್ಟೂ ಶಿಸ್ತಿಲ್ಲದೆ ಇರುತ್ತದೆಯೇ?

ಅಮಾವಾಸ್ಯೆಗೆ ಹೋದೆವು. ಸಮುದ್ರ ನೋಡಿದ್ದು ನಾನು ಅದೇ ಮೊದಲು. ನನಗಾದ ಆಘಾತವನ್ನು ಹೇಗೆ ಹೇಳಲಿ? ಅದು ಭದ್ರಾ ಹೊಳೆಯ ಹಾಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತಿರಲಿಲ್ಲ. ನಮ್ಮ ಕಡೆಗೇ ಬರುತ್ತಿತ್ತು. ದಡ ಮುಟ್ಟಿದಾಗ ಹತ್ತು ಗಂಟೆ. ಬಂಡೆ ನೂರು ಹೆಜ್ಜೆ ದೂರದಲ್ಲಿ, ನಡುವಿನ ಮರಳಿನ ಮೇಲೆ ಹಿಮ್ಮಡಿ ಮುಳುಗುವಷ್ಟು ನೀರು. ದೋಣಿಗೆ ಒರಗಿ ಬಲೆ ಹೊಲಿಯುತ್ತಿದ್ದ ಒಬ್ಬಾತ ಕೂಗಿ ಹೇಳಿದ:

"ಈಗ ಹೋಗ್ಬೇಡಿ ಒಡೆಯಾ, ನೀರು ಏರ್ತಾ ಉಂಟು."

ಅಪ್ಪ ಕೈಗಡಿಯಾರ ನೋಡಿಕೊಂಡರು. ಪಾಪದವನನ್ನು ಕಂಡಂತೆ ನಕ್ಕರು.

"ಹನ್ನೊಂದಕ್ಕೆ ಇನ್ನೂ ಟೈಮಿದೆ ಮಾರಾಯ. ಹನ್ನೊಂದಕ್ಕೆ ಇಳಿಯುತ್ತೆ." ಆಮೇಲೆ ಅಜ್ಜಿಯ ಕಡೆ ತಿರುಗಿ, "ಈಗ್ಲೇ ಹೊರಟ್ರೆ ಪೂಜೆ ಮುಗಿಸೋ ಹೊತ್ತಿಗೆ ಹನ್ನೊಂದಾಗುತ್ತೆ ಅವ್ವಾ. ಒಣ ಮರಳಲ್ಲಿ ನಡ್ಕೊಂಡು ಬರಬಹುದು" ಎಂದರು.

ಹರಕೆ ನಮ್ಮಿಬ್ಬರದು, ಹೋದವರು ನಾವಿಬ್ಬರೇ. ಅಜ್ಜಿಯ ಕೈಯಲ್ಲಿ ತಾಮ್ರದ ತಂಬಿಗೆ, ನನ್ನ ಕೈಯಲ್ಲಿ ಬಿಲ್ವಪತ್ರೆಯ ಪೊಟ್ಟಣ. ಹೋಗುವಾಗಲೇ ನನ್ನ ಮೊಣಕಾಲು ಒದ್ದೆಯಾಯಿತು. ಬಂಡೆ ಹತ್ತಿ, ಮುಷ್ಟಿ ಗಾತ್ರದ ಆ ಕರಿ ಲಿಂಗಕ್ಕೆ ವಿಭೂತಿ ಹಚ್ಚಿ, ಅಜ್ಜಿ ತನ್ನ ಹಳೇ ಹಾಡುಗಳನ್ನೆಲ್ಲ ಮುಗಿಸಿ ತಿರುಗಿ ನೋಡುತ್ತಾಳೆ, ನಾವು ಬಂದ ದಾರಿಯೇ ಇಲ್ಲ. ದಡದಲ್ಲಿ ಅಮ್ಮ ಎರಡೂ ಕೈ ಎತ್ತಿ ಏನೋ ಕೂಗುತ್ತಿದ್ದಾಳೆ. ಅಪ್ಪ ಪಂಚೆ ಎತ್ತಿ ಕಟ್ಟಿ ಸೊಂಟದವರೆಗೆ ನೀರಿಗಿಳಿದಿದ್ದಾರೆ, ಒಂದು ಅಲೆ ಅವರನ್ನು ಹಿಂದಕ್ಕೆ ಕೆಡವಿತು. ಅಪ್ಪನಿಗೆ ಈಜು ಬಾರದು. ಅಪ್ಪನಿಗೆ ಬಾರದ್ದೂ ಒಂದಿದೆ ಎಂದು ನನಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಮುಂದಿನ ಅಲೆ ಬಂಡೆಯ ಮೇಲೇ ಹತ್ತಿ ನನ್ನ ಕಾಲು ಎಳೆಯಿತು. ಅಜ್ಜಿ ನನ್ನ ಜಡೆ ಹಿಡಿದಳು.

"ಅಜ್ಜೀ, ಮಾದೇವಿ ಇನ್ನೊಂದು ಮಾತು ಹೇಳಿದ್ಲು."

"ಯಾವ ಮಾದೇವೀನೇ ಈಗ?"

"ಮೀನು ಮಾರೋಳು. ಇವತ್ತಿನ ಟೈಮು ಅಮಾಸೆಗೆ ಬರಲ್ಲ, ಹೋದ ದಿನ ಮತ್ತೆ ಕೇಳಿ ಅಂದಿದ್ಲು. ನಾನು ಅಪ್ಪಂಗೆ ಹೇಳ್ಲಿಲ್ಲ."

ಅಜ್ಜಿ ನನ್ನನ್ನು ನೋಡಿದ ನೋಟ ಇನ್ನೂ ಇದೆ ನನ್ನ ಹತ್ತಿರ. ಅದು ಸಿಟ್ಟಲ್ಲ. ಇಪ್ಪತ್ತು ದಿನ ತಣ್ಣೀರು ಬಟ್ಟೆ ಹಾಕಿ ಉಳಿಸಿಕೊಂಡ ಹುಡುಗಿ ಇವಳೇನಾ ಎಂದು ಹುಡುಕುವ ನೋಟ.

"ಅದನ್ನ ಇಲ್ಲಿ ಬಂದು ಹೇಳ್ತೀಯಲ್ಲೇ, ಮುಂಡೇದೇ!"

ಕೆನ್ನೆಗೆ ಒಂದು ಕೊಟ್ಟಳು. ಕೊಟ್ಟ ಕೈಯಿಂದಲೇ ಸೆರಗು ಬಿಚ್ಚಿ ನನ್ನ ಸೊಂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿ, ಬಂಡೆಯ ಕೊರಕಲಿಗೆ ಬೆನ್ನು ಕೊಟ್ಟು ನನ್ನನ್ನು ಎದೆಗೆ ಅವುಚಿಕೊಂಡು ಕೂತಳು. ಒಂದರ ಹಿಂದೆ ಒಂದು ಅಲೆ ಲಿಂಗದ ನೆತ್ತಿಯ ಮೇಲೆ ಸುರಿಯುತ್ತಿತ್ತು. ಅವಳು ಅದನ್ನು ನೋಡಿ, ಹಲ್ಲು ಕಟಕಟ ಎನ್ನುತ್ತಿದ್ದರೂ, "ತಂಬಿಗೆ ಹೊತ್ಕೊಂಡು ಬಂದಿದ್ದೇ ದಂಡ. ಇವನಿಗೆ ನೀರು ಎರೆಯೋಕೆ ಬೇರೆ ಆಳಿದೆ" ಎಂದಳು. ನಾನು ಅಳುತ್ತ ನಕ್ಕೆ. ಬಾಯಿಗೆ ಉಪ್ಪುನೀರು ಹೋಯಿತು. ಸಮುದ್ರದ ನೀರು ಉಪ್ಪು ಎಂದು ಪುಸ್ತಕದಲ್ಲಿ ಓದಿದ್ದೆ, ಇಷ್ಟೊಂದು ಉಪ್ಪು ಎಂದು ಯಾರೂ ಹೇಳಿರಲಿಲ್ಲ.

ಬಲೆ ಹೊಲಿಯುತ್ತಿದ್ದಾತ ದೋಣಿ ತಂದು ನಮ್ಮನ್ನು ಇಳಿಸಿಕೊಂಡ. ದಡಕ್ಕೆ ಬಂದಾಗ ಅಪ್ಪ ಮರಳಿನ ಮೇಲೆ ಕೂತಿದ್ದರು, ಮೈಯೆಲ್ಲ ಒದ್ದೆ. ಕೈಗಡಿಯಾರವನ್ನು ಕಿವಿಗೆ ಹಿಡಿದುಕೊಂಡಿದ್ದರು. ನಮ್ಮನ್ನು ಮುಟ್ಟಿ ನೋಡಿದರು, ಆಮೇಲೆ ದೋಣಿಯವನಿಗೆ ಗಡಿಯಾರ ತೋರಿಸಿದರು.

"ಹನ್ನೊಂದೂ ಐದು. ನೋಡಿ, ಗಡಿಯಾರ ಸರಿಯಾಗೇ ನಡೀತಿದೆ."

"ಗಡಿಯಾರ ಸರಿ ಉಂಟು ಒಡೆಯಾ. ಸಮುದ್ರಕ್ಕೆ ಅದನ್ನ ತೋರಿಸಿದ್ರಾ?"

ಮನೆಗೆ ಬಂದ ಮೇಲೆ ಅಪ್ಪ ಏಳೂವರೆಗೆ ಊಟಕ್ಕೆ ಬರುವುದನ್ನೇ ಬಿಟ್ಟರು. ಎಂಟಕ್ಕೋ ಎಂಟೂಕಾಲಿಗೋ ಬಂದು, ತುಪ್ಪ ಬೇಡ ಎಂದು ಕೈ ಅಡ್ಡ ಹಿಡಿಯುತ್ತಿದ್ದರು. ನಾನು ಅಜ್ಜಿಯ ಮಗ್ಗುಲಿಗೆ ಸರಿದು ಕೇಳಿದೆ, ಅಪ್ಪನಿಗೆ ನಿಜ ಹೇಳಲಾ ಎಂದು. ಅವಳು ನನ್ನ ಕಿವಿ ಹಿಂಡಿ, "ಬಾಯಿ ಬಿಟ್ಟೀಯಾ! ಜನ್ಮಕ್ಕೊಂದ್ಸಲ ಅವನ ಗಡಿಯಾರ ಸೋತಿದೆ. ನಾಲ್ಕು ದಿನ ತಗ್ಗಿ ನಡೀಲಿ ಬಿಡು" ಎಂದಳು. ಅಜ್ಜಿಯ ಯುದ್ಧದಲ್ಲಿ ನಾನು ಗುಟ್ಟಿನ ಸಿಪಾಯಿಯಾದೆ. ಅಪ್ಪ ತಗ್ಗಿದ ತಲೆ ಎತ್ತದಿದ್ದುದನ್ನು ನೋಡಿ ನೋಡಿ ನನಗೆ ಅನ್ನ ಸೇರದಾಯಿತು.

ಆದರೆ ಟೈಮ್ ಆಫೀಸಿನವರು ತಪ್ಪನ್ನು ಹಾಗೇ ಬಿಡುವವರಲ್ಲ. ಎಲ್ಲಿ ತಪ್ಪಿತೆಂದು ರಿಜಿಸ್ಟರಿನ ಹಾಳೆ ಹಿಂದಕ್ಕೆ ತಿರುಗಿಸುತ್ತಾರೆ. ಭಾನುವಾರ ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಓಲ್ಡ್ ಟೌನಿಗೆ ಹೊರಟರು. ಈ ಸಲ ಬೆಲ್ಲದ ಅಂಗಡಿಯ ಹತ್ತಿರ ನಿಲ್ಲಲಿಲ್ಲ. ವಿಭೂತಿ ಹಣೆಯಲ್ಲೇ ನೇರ ಒಣಮೀನಿನ ಬುಟ್ಟಿಯ ಮುಂದೆ ನಿಂತರು. ಪರಿಚಯದವರಿಬ್ಬರು ತಿರುಗಿ ನೋಡಿದರು.

"ಏನಮ್ಮಾ, ಹನ್ನೊಂದಕ್ಕೆ ಸಮುದ್ರ ಇಳಿಯುತ್ತೆ ಅಂತ ಹೇಳಿ ನಮ್ಮವ್ವನ್ನ, ಈ ಮಗೂನ ಕೊಲ್ತಿದ್ದೆಯಲ್ಲ!"

ಮಾದೇವಿ ತೂಗುತ್ತಿದ್ದ ತಕ್ಕಡಿಯನ್ನು ಕೆಳಗಿಟ್ಟಳು.

"ದೇವರೇ! ನಾ ಹೇಳಿದ್ದು ಅವತ್ತಿನ ಮಾತು. ಅವತ್ತು ಅಷ್ಟಮಿ, ನೀವು ಹೋದ್ದು ಅಮಾಸೆಗೆ. ನೀರು ದಿನಕ್ಕೆ ಎರಡು ಗಳಿಗೆ ತಡ ಮಾಡ್ತದೆ, ಒಂದು ವಾರಕ್ಕೆ ಇಳಿತ ಇದ್ದಲ್ಲಿ ಭರತ ಬರ್ತದೆ, ನೀರು ಏರಿರ್ತದೆ. ಮನೇಲಿ ಪಂಚಾಂಗ ಇಲ್ವಾ? ತಿಥಿ ಎಣಿಸಿದ್ರೆ ಸಾಕಿತ್ತು. ಮತ್ತೆ ಕೇಳಿ ಅಂತ ಹೇಳಿ ಕಳಿಸಿದ್ದೆ. ಹೆಣ್ಣೇ, ಹೇಳ್ಲಿಲ್ವಾ ನೀನು?"

ಭೂಮಿ ಬಾಯಿ ಬಿಡಲಿ ಎಂದುಕೊಂಡೆ. ಅಪ್ಪ ನನ್ನ ಕಡೆ ನೋಡಲಿಲ್ಲ. ಮಾದೇವಿಗೆ, ಅದೂ ಅಷ್ಟು ಜನರ ನಡುವೆ, ಕೈ ಮುಗಿದರು. ನನ್ನನ್ನು ಎತ್ತಿ ಕಂಬಿಯ ಮೇಲೆ ಕೂರಿಸಿದರು. ಹೊಳೆ ದಾಟುವಾಗ ಸೇತುವೆಯ ಮೇಲೆ ಅವರ ಉಸಿರು ನನ್ನ ನೆತ್ತಿಗೆ ತಾಗುತ್ತಿತ್ತು. ಮನೆಗೆ ಬಂದವರೇ ಅಡುಗೆಮನೆಗೆ ಹೋದರು. ಇನ್ನು ನಾಲ್ಕನೇ ನಂಬರು ಜನ್ಮಕ್ಕೆಲ್ಲ ಮಗುಚಿತು, ಇನ್ನು ನನಗೆ ತುಪ್ಪವಿಲ್ಲ ಎಂದು ಬಾಗಿಲಿಗೆ ಒರಗಿ ನಿಂತೆ. ಅಪ್ಪನ ಕೈ ನಾಲ್ಕನೆಯ ಮೊಳೆಯನ್ನು ದಾಟಿ ಹೋಯಿತು. ಒಂದನೇ ನಂಬರಿನ ಬಿಲ್ಲೆ ತೆಗೆದು ಮಗುಚಿ ಹಾಕಿದರು.

ಅಜ್ಜಿ ಗಾಬರಿಯಿಂದ ಎದ್ದು ಬಂದಳು. "ಇದೇನೋ ಮಾಡ್ತಿದೀಯ? ಹೇಳ್ದೆ ಉಳಿದೋಳು ಇವಳು. ಮುಚ್ಚಿಟ್ಟೋಳು ನಾನು. ನಿನ್ನದ್ಯಾಕೆ ಮಗುಚ್ತೀಯ?"

"ಅವ್ವಾ, ಮಗು ಹತ್ರ ಎರಡು ಮಾತಿತ್ತು. ಎರಡನೇದು ನಂಗೆ ಹೇಳೋಕೆ ಹೆದರ್ತು. ಹೆದರ್ಸಿದ್ದು ಯಾರು?"

ಅಜ್ಜಿ ಪಂಚಾಂಗವನ್ನು ಮೊಳೆಯಿಂದ ತೆಗೆದು, ಹಾಳೆ ತಿರುಗಿಸುತ್ತ, "ನಾನೂ ದಿನಾ ತಿಥಿ ಓದ್ತಿದ್ದೆ. ಸಮುದ್ರ ಇದನ್ನೇ ಓದುತ್ತೆ ಅಂತ ನಂಗಾದ್ರೂ ಎಲ್ಲಿ ಗೊತ್ತಿತ್ತು" ಎಂದು ಗೊಣಗಿದಳು. ಅವತ್ತು ರಾತ್ರಿ ಅಮ್ಮ ಅಪ್ಪನ ತಟ್ಟೆಗೆ ಕೇಳದೆಯೇ ತುಪ್ಪ ಬಡಿಸಿದಳು. ಆಮೇಲೆ ಯಾರ ಬಿಲ್ಲೆಯೂ ಮಗುಚಲಿಲ್ಲ. ಅಪ್ಪನದು ಮಾತ್ರ ಕ್ವಾರ್ಟರ್ಸ್ ಬಿಡುವ ತನಕ ಹಾಗೇ ಇತ್ತು. ನಾನು ಏನಾದರೂ ಹೇಳಲು ಹೋದರೆ ಅಪ್ಪ ಪೇಪರ್ ಕೆಳಗಿಟ್ಟು, ನಾನು ಮುಗಿಸಿದ ಮೇಲೂ ಕಾಯುತ್ತಿದ್ದರು. "ಆಮೇಲೆ?" ಎನ್ನುತ್ತಿದ್ದರು. ನಾನು ಇಷ್ಟೊಂದು ವಾಚಾಳಿಯಾದದ್ದು ಆ 'ಆಮೇಲೆ'ಯಿಂದ.

ರವೀಂದ್ರನಗರಕ್ಕೆ ವಾಪಸ್ ಬರುತ್ತೇನೆ. ನಾನು ಗ್ರೂಪಿಗೆ ಒಂದೇ ಟೈಮ್ ಹಾಕಲಿಲ್ಲ. ಮಹೇಶ ಬುಕ್ ಮಾಡಿದ್ದ ಹೋಂಸ್ಟೇಯ ಹೆಂಗಸಿಗೆ ಫೋನ್ ಮಾಡಿ, ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆಂದು ಕೇಳಿದೆ. ಆ ಕಡೆಯಿಂದ ದನಿ ಬಂತು: "ನೀವು ಯಾವತ್ತು ಬರೂದು?" ಮಾದೇವಿ ಕೇಳಿದ್ದ ಅದೇ ಮಾತು. ಈ ಸಲ ನಾನು ವಾರ, ತಾರೀಖು, ತಿಥಿ ಮೂರನ್ನೂ ಹೇಳಿದೆ. ಹತ್ತು ನಲವತ್ತು ಸರಿ ಎಂದಳು. ಆಮೇಲೆ ಅವಳು ಹೇಳಿದ್ದನ್ನೂ ಸೇರಿಸಿ, ಒಂದೇ ಬೆರಳಿನಲ್ಲಿ ಅರ್ಧ ಗಂಟೆ ಕುಟ್ಟಿದೆ:

'ಶನಿವಾರ ಹತ್ತು ನಲವತ್ತಕ್ಕೆ ನೀರು ಪೂರ್ತಿ ಇಳಿದಿರುತ್ತೆ. ಇದು ಶನಿವಾರಕ್ಕೆ ಮಾತ್ರ, ಭಾನುವಾರಕ್ಕೆ ಬರಲ್ಲ. ಬಂಡೆಗೆ ಹೋಗೋ ಮುಂಚೆ ದಡದಲ್ಲಿ ಇರೋರನ್ನ ಮತ್ತೆ ಕೇಳಬೇಕು. ಅವರು ಬೇಡ ಅಂದ್ರೆ ಗಡಿಯಾರ ನೋಡಬಾರದು.'

ಮಹೇಶನ ಫೋನು ಟಿಂಗ್ ಎಂದಿತು. ನೋಡಿದ.

"ಅಯ್ಯೋ ಅಮ್ಮಾ, ಇಷ್ಟುದ್ದ ಯಾರು ಓದ್ತಾರೆ?"

ನಾನು ಎದ್ದು ಒಳಗೆ ಹೋಗಿ, ಸೀರೆಗಳ ಅಡಿಯಲ್ಲಿದ್ದ ಒಂದನೇ ನಂಬರಿನ ಬಿಲ್ಲೆ ತಂದು ಅವನ ಲ್ಯಾಪ್‌ಟಾಪಿನ ಮೇಲೆ ಮಗುಚಿ ಇಟ್ಟೆ.

"ಏನಮ್ಮ ಇದು?"

ಅದು ಏನೆಂದು ಹೇಳಿದೆ. ಹುಟ್ಟಿದಾಗಿನಿಂದ ಅವನಿಗೆ ಹೇಳದಿದ್ದುದನ್ನೆಲ್ಲ, ಬೆಲ್ಲದ ಅಂಗಡಿಯಿಂದ ಹಿಡಿದು ಹೇಳಿದೆ. ಸಿಂಚನಾ ಮಿಠಾಯಿ ಕೇಳುವುದನ್ನು ಮರೆತು ಕೂತಳು. ಅವರೆಕಾಳು ಬೇಯಲಿಲ್ಲ, ಊಟಕ್ಕೆ ಕೂರುವಾಗ ಮೂರು ಗಂಟೆ ದಾಟಿತ್ತು. ಮಹೇಶ ಬಿಲ್ಲೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ. ಆಮೇಲೆ ಫೋನನ್ನು ಕೆಳಗಿಟ್ಟು ಹೇಳಿದ:

"ಹತ್ತು ನಲವತ್ತು ಅಂದೆ. ಆಮೇಲೆ? ಆ ಇನ್ನೊಂದು ಮಾತು ನಿನ್ನ ಬಾಯಲ್ಲೇ ಹೇಳಮ್ಮ."